ಎಡಗಡೆಯ ಬೆಳಕು

ದೆವ್ವ, ಭೂತ ಅಂತ ಮಾತು ತೆಗೆಯುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಮೂಡಿಗೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. "ನೋಡಿ, ಅಜ್ಜನ ಪಕ್ಕ ಯಾರೋ ನಿಂತಿದಾರೆ" ಎಂದು ಗಾಬರಿಯಲ್ಲಿ ಬಂದವರಿಗೆ, "ನಿಮ್ಮ ಕ್ಯಾಮೆರಾದಲ್ಲಿ ರೀಲು ಸರಿಯಾಗಿ ತಿರುಗಿಲ್ಲ ಮಾರಾಯ್ರೆ, ಒಂದು ಫೋಟೋ ಮೇಲೆ ಇನ್ನೊಂದು ಕೂತಿದೆ, ಹೋಗಿ ಆರಾಮಾಗಿ ಊಟ ಮಾಡಿ" ಎಂದು ಕಳಿಸಿಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನಗುವುದಾದರೆ ನಗಿ, ನನಗೇನೂ ಬೇಜಾರಿಲ್ಲ.

ಮೊದಲು ನನ್ನ ಹೆಂಡತಿ ಸರೋಜಳ ವಿಷಯ ಹೇಳಬೇಕು. ಮದುವೆ ಮನೆಗಳಿಗೆ ನಾನು ಕ್ಯಾಮೆರಾ ಹಿಡಿದು ಹೋದರೆ, ಅವಳು ನನ್ನ ಎಡಗಡೆ ಸ್ವಲ್ಪ ದೂರದಲ್ಲಿ ಎರಡನೇ ಫ್ಲಾಶ್ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಕುಳ್ಳಗಿದ್ದಳು. ಕೈ ಸೋತು ಫ್ಲಾಶ್ ಕೆಳಗಿಳಿಯುತ್ತಿತ್ತು. "ಸ್ವಲ್ಪ ಮೇಲೆ, ಮಾರಾಯ್ತಿ" ಎಂದು ನಾನು ಗೊಣಗುವುದು, ಅವಳು ಮೂತಿ ತಿರುವಿ ತುದಿಗಾಲಲ್ಲಿ ನಿಲ್ಲುವುದು, ಇದು ನಮ್ಮ ದಿನನಿತ್ಯದ ಜಗಳ. ಅವಳು ಜ್ವರ ಬಂದು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೋ ಹುಡುಕಿದೆ. ಇರಲಿಲ್ಲ! ನಮ್ಮ ಮದುವೆಯ ಗ್ರೂಪ್ ಫೋಟೋದಲ್ಲಿ ತಲೆ ತಗ್ಗಿಸಿ ಕೂತ ಹುಡುಗಿಯೊಬ್ಬಳಿದ್ದಾಳೆ, ಮುಖ ಕಾಣುವುದಿಲ್ಲ. ಅಷ್ಟೇ. ಫೋಟೋಗ್ರಾಫರನ ಹೆಂಡತಿಗೆ ಫೋಟೋ ಇಲ್ಲ ಅಂದರೆ ಯಾರು ನಂಬುತ್ತಾರೆ? ಬೆಳಕು ಹಿಡಿದವಳು ಯಾವತ್ತೂ ಚೌಕಟ್ಟಿನ ಹೊರಗೇ ನಿಂತಿದ್ದಳು.

ಆಮೇಲೆ ಮದುವೆ ಕೆಲಸ ಬಿಟ್ಟೆ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಂಡು, ಒಬ್ಬನಿಗೆ ಅನ್ನ ಬೇಯಿಸಿಕೊಂಡು ಇದ್ದೆ. ಒಬ್ಬನಿಗೆ ಅಂತ ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಉಳಿಯುತ್ತಿತ್ತು. ಅವಳ ಫ್ಲಾಶನ್ನು ಸೆಲ್ ತೆಗೆದು ಬೀರುವಿನಲ್ಲಿಟ್ಟಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು, ಒಂದು ಮಳೆಗಾಲ. ಬಣಕಲ್ ಹತ್ತಿರದ ಎಸ್ಟೇಟಿನ ಗೌಡರು ಜೀಪು ಕಳಿಸಿದರು. ಅವರ ಮೊಮ್ಮಗಳು ಅನುಷಾ ಮುಂಬೈಯಲ್ಲಿ ಬ್ಯಾಲೆ ನೃತ್ಯ ಕಲಿಯುತ್ತಿದ್ದಳು. ಇಬ್ಬರು ಗೆಳತಿಯರ ಜೊತೆ ರಜೆಗೆ ಬಂದಿದ್ದಳು. ಹೊರದೇಶದ ಯಾವುದೋ ಡಾನ್ಸ್ ಶಾಲೆಗೆ ಕಳಿಸಲು ಫೋಟೋ ಬೇಕಿತ್ತಂತೆ. ಒಣಗಿಸಿದ ಕಾಫಿಬೀಜ ತುಂಬಿಡುವ, ಆಗ ಖಾಲಿಯಿದ್ದ ಪಾರ್ಚ್‌ಮೆಂಟ್ ಗೋಡೌನಿಗೆ ಹಲಗೆಯ ನೆಲವಿದೆ, ಇವರ ಕುಣಿತಕ್ಕೆ ಅದೇ ಸರಿ ಎಂದು ಅಲ್ಲೇ ಅಭ್ಯಾಸ ನಡೆಸಿದ್ದರು.

ನಾನು ಯಕ್ಷಗಾನದ ಕುಣಿತ ಬೇಕಾದಷ್ಟು ತೆಗೆದವನು. ಅವರು ನೆಲ ನಡುಗುವ ಹಾಗೆ ಹೆಜ್ಜೆ ಹಾಕುತ್ತಾರೆ. ಈ ಹುಡುಗಿಯರೋ, ಕಾದ ಅಂಗಳದಲ್ಲಿ ಬರಿಗಾಲಲ್ಲಿ ಓಡುವವರ ಹಾಗೆ, ಬೆರಳ ತುದಿ ಊರಿದರೋ ಇಲ್ಲವೋ ಅಷ್ಟರಲ್ಲಿ ಮೇಲೆ. ಅವರು ತುದಿಗಾಲಲ್ಲಿ ನಿಂತದ್ದು ಕಂಡು ನನಗೆ ಸರೋಜಳ ನೆನಪಾಯಿತು.

ಸಂಜೆಯ ಹೊತ್ತಿಗೆ ಕರೆಂಟು ಹೋಯಿತು. ಥಂಡಿಗೆ ನನ್ನ ಫ್ಲಾಶೂ ಕೈಕೊಟ್ಟಿತು. ಬಲಗಡೆಯ ಕಿಟಕಿಯಿಂದ ಬರುತ್ತಿದ್ದ ಮಬ್ಬು ಬೆಳಕೊಂದೇ ಗತಿ. ಅದರಲ್ಲೇ ಒಂದೆರಡು ತೆಗೆದೆ.

"ಈ ಬೆಳಕಲ್ಲಿ ಹಾರಿದ್ರೆ ಫೋಟೋ ಬರೀ ಮಂಜಿನ ಹಾಗೆ ಬರುತ್ತೆ, ಅಮ್ಮಾ" ಎಂದೆ.

"ಪರವಾಗಿಲ್ಲ ಅಂಕಲ್, ಇದೊಂದು ತೆಗೀರಿ. ನಾಳೆ ನಾವು ಹೊರಡ್ಬೇಕು."

ಅನುಷಾ ಓಡಿ ಬಂದಳು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಆಗ ಎಡಗಡೆಯಿಂದ ಸಣ್ಣಗೆ 'ಕುಂಯ್' ಎಂಬ ಸದ್ದು. ಫ್ಲಾಶ್ ಚಾರ್ಜ್ ಆಗುವ ಸದ್ದು ಅದು, ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಬಾಯಿ ತನ್ನಷ್ಟಕ್ಕೆ ಅಂದುಬಿಟ್ಟಿತು: "ಸ್ವಲ್ಪ ಮೇಲೆ, ಮಾರಾಯ್ತಿ."

ಹುಡುಗಿ ಹಾರಿದಳು. ನಾನು ಒತ್ತಿದೆ. ಒತ್ತುವ ಆ ಕ್ಷಣ ಕ್ಯಾಮೆರಾದೊಳಗೆ ಕತ್ತಲಾಗುತ್ತದೆ, ತೆಗೆಯುವವನಿಗೆ ಮಾತ್ರ ಏನೂ ಕಾಣುವುದಿಲ್ಲ.

"ಇದಕ್ಕಿಂತ ಮೇಲೆ ಹಾರಕ್ಕೆ ನನ್ ಕೈಲಾಗಲ್ಲ ಅಂಕಲ್!" ಎಂದು ಅವಳು ನಕ್ಕಳು. ನಾನು ಎಡಕ್ಕೆ ತಿರುಗಿ ನೋಡಿದೆ. ಗೋಡೆಗೆ ಒಟ್ಟಿದ ಖಾಲಿ ಗೋಣಿಚೀಲ. ಯಾರೂ ಇರಲಿಲ್ಲ. "ಫ್ಲಾಶ್ ಬಿತ್ತಾ?" ಎಂದು ಕೇಳಿದೆ. "ಇಲ್ವಲ್ಲ" ಎಂದರು ಮೂವರೂ.

ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ರೀಲನ್ನು ನಾನೇ ತೊಳೆದೆ. ಕರೆಂಟು ಹೋದ ಮೇಲೆ ತೆಗೆದದ್ದೆಲ್ಲ ಕಲಸಿಹೋಗಿತ್ತು, ಆ ಒಂದನ್ನು ಬಿಟ್ಟು. ಅದರಲ್ಲಿ ಹುಡುಗಿ ಗಾಳಿಯಲ್ಲಿ ನಿಂತಿದ್ದಾಳೆ, ಲಂಗದ ಎಳೆ ಎಳೆಯೂ ಸ್ಪಷ್ಟ. ನೆರಳು ಬಲಕ್ಕೆ ಬಿದ್ದಿದೆ. ಬೆಳಕು ಬಂದದ್ದು ಎಡಗಡೆಯಿಂದ, ಸ್ವಲ್ಪ ಮೇಲಿಂದ. ಮಿಂಚೇನೋ ಎಂದುಕೊಂಡೆ. ಆದರೆ ಆ ಕಡೆ ಕಿಟಕಿಯೇ ಇಲ್ಲ. ಬೀರು ತೆಗೆದು ನೋಡಿದೆ. ಅವಳ ಫ್ಲಾಶ್ ಇಟ್ಟಲ್ಲೇ ಇತ್ತು, ಸೆಲ್ ಇಲ್ಲದೆ.

ಅನುಷಾಳಿಗೆ ಒಂದು ಪ್ರಿಂಟ್ ಕಳಿಸಿದೆ. ಇನ್ನೊಂದನ್ನು ಸರೋಜಳ ಫೋಟೋಕ್ಕೆಂದು ಗೋಡೆಗೆ ಹೊಡೆದಿದ್ದ ಮೊಳೆಗೆ ತೂಗುಹಾಕಿದ್ದೇನೆ. ಬಂದವರು "ಮಗಳಾ?" ಎಂದು ಕೇಳುತ್ತಾರೆ. ಅಲ್ಲ ಎನ್ನುತ್ತೇನೆ, ಹೆಚ್ಚಿಗೆ ಹೇಳಲು ನನಗೂ ಗೊತ್ತಿಲ್ಲ. ಅವರೆಲ್ಲ ಹಾರುವ ಹುಡುಗಿಯನ್ನು ನೋಡುತ್ತಾರೆ. ನಾನು ನೋಡುವುದು ಎಡಗಡೆಯ ಅಂಚನ್ನು, ಫೋಟೋ ಮುಗಿಯುವ ಜಾಗವನ್ನು. ಅಯ್ಯೋ, ಆವತ್ತು ಕ್ಯಾಮೆರಾವನ್ನು ಒಂಚೂರು ಆ ಕಡೆ ತಿರುಗಿಸಬಾರದಿತ್ತೇ ನಾನು!