ಕೋರ್ಟ್ ಏಳುವವರೆಗೆ

ವಕೀಲ ನಿಂಗರಾಜಯ್ಯನವರು ತಮ್ಮ ಕಕ್ಷಿದಾರನನ್ನು ‘ನೀನು ಮಾಡಿದ್ದು ಹೌದೋ ಅಲ್ಲವೋ’ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಸಕಲೇಶಪುರದ ಕೋರ್ಟಿನ ಜಗಲಿಯಲ್ಲಿ ಅವನನ್ನು ನಿಲ್ಲಿಸಿ, ತಾವು ಸ್ವಲ್ಪ ಹಿಂದೆ ಸರಿದು, ದರ್ಜಿ ತಾನು ಹೊಲಿದ ಅಂಗಿಯನ್ನು ನೋಡುವಂತೆ ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು.

“ತೋಳು ಇಳಿಸು. ಆ ಕಪ್ಪು ಕನ್ನಡಕ ಜೇಬಿಗೆ ಹಾಕು, ಸಿನಿಮಾಕ್ಕೆ ಬಂದಿದ್ದೀಯೇನ್ಲಾ? ಕೈ ಕಟ್ಕೋ. ಹಂಗಲ್ಲ ಮಾರಾಯ, ಹೊಟ್ಟೆನೋವು ಬಂದೋನಂಗೆ ಕಾಣ್ತೀಯ!”

ಸುತ್ತಲಿನವರು ನಗುತ್ತಿದ್ದರು, ಆರೋಪಿಯೂ ನಗುತ್ತಿದ್ದ. “ನಗೋದೆಲ್ಲ ಇಲ್ಲೇ ಮುಗಿಸ್ಕಂಡ್ ಬಿಡು” ಎನ್ನುತ್ತಿದ್ದರು ಅವರು.

ಸಣ್ಣ ಗಲಾಟೆ, ಒಡೆದ ಗಾಜು, ಕಿತ್ತ ಬೇಲಿ ಇಂಥ ಪ್ರಕರಣಗಳಲ್ಲಿ ತಪ್ಪು ಸಾಬೀತಾಗುವುದಕ್ಕಿಂತ ಶಿಕ್ಷೆ ಎಷ್ಟೆಂದು ನಿರ್ಧರಿಸುವ ಆಮೇಲಿನ ಗಳಿಗೆಯೇ ದೊಡ್ಡದೆಂಬುದು ಅವರ ನಂಬಿಕೆಯಾಗಿತ್ತು. ಹಿಂದೆ ಶಿಕ್ಷೆಯಾಗಿತ್ತೇ, ಮನೆಯಲ್ಲಿ ಯಾರಿದ್ದಾರೆ, ಹಾಳು ಮಾಡಿದ್ದನ್ನು ಸರಿಪಡಿಸಿಕೊಟ್ಟನೇ, ತಾನಾಗಿ ಮಾಡಿದನೇ ಅಥವಾ ಇನ್ನೊಬ್ಬರ ಮಾತು ಕೇಳಿ ಮಾಡಿದನೇ ಎಂಬುದನ್ನೆಲ್ಲ ತೂಗಿ ನ್ಯಾಯಾಧೀಶರು ಬುದ್ಧಿ ಹೇಳಿ ಬಿಡಬಹುದು, ದಂಡ ಹಾಕಬಹುದು, ಜೈಲಿಗೂ ಕಳಿಸಬಹುದು. ಇದನ್ನು ನಾನು ಕಲಿತದ್ದು ಅವರಿಂದಲೇ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದ ಅವರು ಮೊದಲ ಬಹುಮಾನವನ್ನು ನನ್ನ ಕೈಗಿಡುತ್ತಾ, “ಚೆನ್ನಾಗ್ ಮಾತಾಡ್ತೀಯ ಕಣೋ. ಆದ್ರೆ ಕೇಳೋರ ಮುಖ ನೋಡಲ್ಲ. ಬಾ ಆಫೀಸಿಗೆ” ಎಂದಿದ್ದರು. ಅಂದಿನಿಂದ ಬಿಡುವಾದಾಗಲೆಲ್ಲ ಅವರ ಕಚೇರಿಯ ಬೆಂಚೇ ನನ್ನ ಎರಡನೆಯ ಕಾಲೇಜಾಯಿತು.

ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬ ಕುಡಿದು ಬೇಕರಿಯ ಗಾಜನ್ನು ಒಡೆದಿದ್ದ. ವಿಚಾರಣೆಗೆ ಮೊದಲೇ ಅವನ ಕೈಯಿಂದ ಹೊಸ ಗಾಜು ಹಾಕಿಸಿ, ಬೇಕರಿಯವನನ್ನೂ ಕೋರ್ಟಿಗೆ ಕರೆತಂದ ನಿಂಗರಾಜಯ್ಯನವರು ಹೇಳಿದ್ದಿಷ್ಟೇ: “ಸ್ವಾಮಿ, ಗಾಜು ಒಡೆದಿತ್ತು, ಹಾಕಿಸಿ ಆಯಿತು. ಈ ಮನುಷ್ಯ ಜೈಲಿನಲ್ಲಿ ಒಡೆದುಹೋದರೆ ಯಾರು ಹಾಕಿಸಿಕೊಡುತ್ತಾರೆ?” ನ್ಯಾಯಾಧೀಶರು ಬುದ್ಧಿ ಹೇಳಿ ಅವನನ್ನು ಬಿಟ್ಟರು. ಕಾನೂನಿಗೂ ಕರುಣೆಗೂ ನಡುವೆ ಸೇತುವೆ ಕಟ್ಟಬಹುದೆಂದು ನಾನು ಅಂದು ನಂಬಿದೆ.

ಆ ನಂಬಿಕೆಯಿಂದಲೇ ಹಾನುಬಾಳು ಕಡೆಯ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವ ಜನರ ಜೊತೆ ನಿಂತೆ. ಅವರು ತಲೆಮಾರುಗಳಿಂದ ಬಸ್ಸಿಗೆ ನಡೆದುಹೋಗುತ್ತಿದ್ದ ದಾರಿಗೆ ಎಸ್ಟೇಟಿನವರು ಗೇಟು ಹಾಕಿ ಬೀಗ ಜಡಿದಿದ್ದರು. ಧರಣಿಯ ದಿನ ಮೈಕು ನನ್ನ ಕೈಯಲ್ಲಿತ್ತು. ಜನ ನುಗ್ಗಿದಾಗ “ಗೇಟಿಗೆ ಕೈ ಹಾಕಬೇಡಿ” ಎಂದು ನಾನು ಕೂಗಿದ್ದೆ. ಅದರ ವಿಡಿಯೊ ನಿಂಗರಾಜಯ್ಯನವರ ಫೋನಿನಲ್ಲೇ ಇತ್ತು. ಗೇಟು ಮುರಿಯಿತು. ಲಕ್ಕಮ್ಮ ಮೊದಲಾದ ಕೂಲಿಯವರ ಜೊತೆ ನಾನೂ ಆರೋಪಿಯಾದೆ. ಆಗ ಹಾಸನದ ಒಂದು ಕಾಲೇಜಿನಲ್ಲಿ ನನಗೆ ಉಪನ್ಯಾಸಕನ ಕೆಲಸ ಸಿಗುವುದರಲ್ಲಿತ್ತು. ಪೊಲೀಸರ ವರದಿಯೊಂದೇ ಬಾಕಿಯಿತ್ತು.

ನಮ್ಮ ವಕೀಲರಾಗಿ, ದಾರಿಯ ಹಕ್ಕನ್ನು ವಾದಿಸಿ ಗೆಲ್ಲೋಣವೆಂದು ಒಪ್ಪಿದ್ದ ನಿಂಗರಾಜಯ್ಯನವರು, ವಿಚಾರಣೆಯ ಬೆಳಿಗ್ಗೆ ಜಗಲಿಯಲ್ಲಿ ಮಾತು ಬದಲಿಸಿದರು. “ಎಲ್ರೂ ತಪ್ಪು ಒಪ್ಕಳಿ. ವರ್ಷಗಟ್ಟಲೆ ಅಲೆದ್ರೆ ಇವರ ಕೂಲಿ ಯಾರ್ ಕೊಡ್ತಾರೆ? ಬುದ್ಧಿ ಹೇಳಿ ಕಳಿಸ್ತಾರೆ, ಆಯ್ತು.”

“ನನ್ನ ಕೆಲಸ, ಸರ್?”

“ನಿಂಗೂ ಅಷ್ಟೇ ಆಗ್ತೈತೆ. ಕೆಲ್ಸಕ್ಕೆ ತೊಂದ್ರೆ ಬರದಂಗೆ ಕೇಳ್ಕತೀನಿ. ನಾನಿಲ್ವೇನೋ?”

ಒಪ್ಪಿಕೊಂಡೆ. ಲಕ್ಕಮ್ಮನ ಸೆರಗು ಸರಿಪಡಿಸಲು ಹೇಳಿದ ಅವರು ನನಗೆ ಏನೂ ಹೇಳಲಿಲ್ಲ. ನಾನು ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ನಿಂತೆ.

ಶಿಕ್ಷೆಯ ಮಾತು ಬಂದಾಗ ಅವರ ದನಿ ಮೃದುವಾಯಿತು. “ಸ್ವಾಮಿ, ಇವರು ಓದು ಬರಹ ಇಲ್ಲದ ಕೂಲಿಯ ಜನ. ತಾವಾಗಿ ಗೇಟು ಮುಟ್ಟುವವರಲ್ಲ. ಕಲಿತವರೊಬ್ಬರ ಭಾಷಣಕ್ಕೆ ಮರುಳಾಗಿ ಕೈ ಹಾಕಿದರು.” ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದವರು ನ್ಯಾಯಾಧೀಶರು. “ತಿಳಿದವರೇ ಹೀಗೆ ಮಾಡಿದರೆ?” ಎಂದರು. ಬಾಯಿ ತೆರೆದೆ, ಆದರೆ ತಪ್ಪು ಒಪ್ಪಿಕೊಂಡ ಮೇಲೆ ನನ್ನ ಮಾತಿಗೆ ಅರ್ಥವಿರಲಿಲ್ಲ.

ಉಳಿದವರೆಲ್ಲರನ್ನೂ ಎಚ್ಚರಿಸಿ ಬಿಟ್ಟರು. ನನಗೆ ದಂಡ, ಜೊತೆಗೆ ಕೋರ್ಟ್ ಏಳುವವರೆಗೆ ಸಜೆ. ಅಂದರೆ ಅಂದಿನ ಕಲಾಪ ಮುಗಿಯುವ ತನಕ ಅಲ್ಲೇ ಹಿಂದಿನ ಬೆಂಚಿನಲ್ಲಿ ಕೈದಿಯಾಗಿ ಕೂರುವುದು. ಲಕ್ಕಮ್ಮ ಹೊರಡುವಾಗ ಬಗ್ಗಿ, “ದೇವ್ರಂಥ ಲಾಯರ್ ಕಣಪ್ಪಾ, ನಮ್ಮನ್ನೆಲ್ಲ ಉಳಿಸ್ಬುಟ್ರು. ನೀವ್ಯಾಕೆ ಇನ್ನೂ ಕೂತಿದ್ದೀರಿ?” ಎಂದಳು.

ಸಂಜೆ ಜಗಲಿಯಲ್ಲಿ ನಿಂಗರಾಜಯ್ಯನವರನ್ನು ತಡೆದು, ಯಾಕೆ ಹೀಗೆ ಮಾಡಿದಿರೆಂದು ಕೇಳಿದೆ.

“ಎಲ್ರನ್ನೂ ಸಣ್ಣೋರು ಮಾಡಾಕಾಗಲ್ಲ ಕಣೋ” ಎಂದರು. “ತಪ್ಪು ಹೊರಾಕೆ ಒಬ್ಬ ದೊಡ್ಡೋನು ಬೇಕಾಗಿತ್ತು. ನಿನ್ನ ಕೇಳಿದ್ದಿದ್ರೆ ನೀನೂ ಒಪ್ತಿದ್ದೆ.”

“ಒಪ್ಪುತ್ತಿದ್ದೆ. ಮತ್ತೆ ಯಾಕೆ ಕೇಳಲಿಲ್ಲ?”

ಅವರು ಬೆಳಿಗ್ಗೆ ಆರೋಪಿಗಳನ್ನು ನೋಡುವ ಹಾಗೆಯೇ ನನ್ನನ್ನು ನೋಡಿದರು. “ಕೇಳಿದ್ರೆ ತ್ಯಾಗ ಮಾಡ್ತಿದೀನಿ ಅಂತ ನಿನ್ನ ಮುಖದಾಗೆ ಕಾಣ್ತಿತ್ತು. ಕೋರ್ಟು ಅದನ್ನ ನಂಬಲ್ಲ.”

ಕೇಳಿದ್ದರೆ ಆ ಜನರಿಗಾಗಿ ನಾನು ಜೈಲಿಗೂ ಹೋಗುತ್ತಿದ್ದೆ. ಹಾಗಿದ್ದೂ ಆ ಆಯ್ಕೆ ನನ್ನದಾಗಲಿಲ್ಲ. ನನ್ನನ್ನು ಮನುಷ್ಯನೆಂದು ಎಣಿಸಿ ಕೇಳುವ ಬದಲು ಅವರು ತಮ್ಮ ವಾದವಾಗಿ ಬಳಸಿದ್ದರು. ಕಾಲೇಜಿನವರು ಕೆಲಸ ಕೊಡಲಿಲ್ಲ. ಎಸ್ಟೇಟಿನವರು ಹೊಸ ಗೇಟು ಹಾಕಿದರು; ಲಕ್ಕಮ್ಮ ಈಗಲೂ ತೋಟ ಸುತ್ತಿ ಬಸ್ಸಿಗೆ ಬರುತ್ತಾಳೆ.

ನಿಂಗರಾಜಯ್ಯನವರು ಈ ವರ್ಷ ತೀರಿಕೊಂಡರು. ಅವರನ್ನು ಕೊನೆಯದಾಗಿ ಕಂಡದ್ದು ನಾನು ಯಸಳೂರಿಗೆ ಹೋಗುತ್ತಿದ್ದ ಬಸ್ಸಿನಲ್ಲಿ. ದಾರಿಯಲ್ಲಿನ ಮಗಳ ಊರಿಗೆ ಹೊರಟಿದ್ದವರು ನನ್ನನ್ನು ನೋಡಿ, ಮಡಿಲಿಗೆ ಚೀಲ ಎಳೆದುಕೊಂಡು ಕಿಟಕಿಯತ್ತ ಸರಿದರು. “ಕೂತ್ಕೊಳೋ. ಯಸಳೂರು ಇನ್ನೂ ದೂರ ಐತೆ.”

ನಾನು ಕಂಬಿ ಹಿಡಿದು ನಿಂತೇ ಇದ್ದೆ. ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ಅವರ ಕೈ ನನ್ನನ್ನು ಹಿಡಿಯಲೆಂಬಂತೆ ಮೇಲೇಳುತ್ತಿತ್ತು, ಮತ್ತೆ ಚೀಲದ ಮೇಲೆ ಇಳಿಯುತ್ತಿತ್ತು. ತಮ್ಮ ನಿಲ್ದಾಣ ಬಂದಾಗ ಚೀಲ ಹೆಗಲಿಗೇರಿಸಿ ಇಳಿದುಹೋದರು. ಆ ಸೀಟು ಪೂರ್ತಿ ಖಾಲಿಯಾಯಿತು. ನಾನು ಯಸಳೂರಿನವರೆಗೂ ಕೂರಲಿಲ್ಲ.