ಘಟ್ಟಕ್ಕೆ ನೀರು ಹಾಕಿದವಳು

ಎಂಬತ್ತರ ದಶಕದಲ್ಲಿ ದಿಗ್ಗೇವಾಡಿಯ ನಮ್ಮ ಮನೆಯಲ್ಲಿ ನವರಾತ್ರಿಯ ಘಟ್ಟಕ್ಕೆ ನೀರು ಹಾಕುವ ಕೆಲಸ ನನ್ನದು. ದೇವರ ಜಗಲಿಯ ಮುಂದೆ ಹೊಲದ ಕರಿಮಣ್ಣು ಹರವಿ, ಗೋಧಿ, ಜೋಳ ಬಿತ್ತಿ, ನಡುವೆ ಮಣ್ಣಿನ ಗಡಿಗೆ ಇಡುತ್ತಿದ್ದರು; ಇದಕ್ಕೇ ಘಟ್ಟ ಅನ್ನುವುದು. ಒಂಬತ್ತು ದಿನ ಅದೇ ದೇವಿ. ಸಸಿ ಎತ್ತರ ಬಂದರೆ ದೇವಿ ಒಲಿದಳು ಅಂತ ಲೆಕ್ಕ. ಮೈನೆರೆಯದ ಹುಡುಗಿಯೇ ನೀರು ಹಾಕಬೇಕೆಂಬುದು ಮನೆಯ ನೇಮ. ನನಗಾಗ ಹನ್ನೊಂದು ವರ್ಷ.

ಆ ವರ್ಷ ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಘಟ್ಟ ಕೂಡಿಸುವಾಗಲೇ ಎಲ್ಲರೆದುರು ಹೇಳಿಬಿಟ್ಟಳು: ಸಸಿ ಚೆನ್ನಾಗಿ ಬಂದರೆ ಮೊಮ್ಮಗನ ಹೆಂಡತಿ ಇರಲಿ, ಬರದಿದ್ದರೆ ಅವನಿಗೆ ಇನ್ನೊಂದು ಮದುವೆ. ಅಣ್ಣನ ಹೆಂಡತಿ, ನನ್ನ ವೈನಿ, ಮನೆಗೆ ಬಂದು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಂಗಳವಾರ ಉಪವಾಸವಿದ್ದು ಚಿಂಚಲಿ ಮಾಯಕ್ಕನ ಗುಡಿಗೆ ನಡೆದೇ ಹೋಗಿಬರುತ್ತಿದ್ದಳು. ಆಯಿ ಹಾಗಂದದ್ದೇ ಅಣ್ಣ ಮಹಾಶಯ ಎದ್ದು ಕಬ್ಬಿನ ತೋಟಕ್ಕೆ ಹೋದ. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವೈನಿ ಎಂದರೆ ನನಗೆ ಜೀವ. ಸಸಿ ಎಲ್ಲ ವರ್ಷಕ್ಕಿಂತ ಎತ್ತರ ಬರಲಿ ಅಂತ, ಬೊಗಸೆ ನೀರು ಚಿಮುಕಿಸುವಲ್ಲಿ ತಂಬಿಗೆ ಸುರಿದೆ. ನಾಲ್ಕನೇ ದಿನ ಮೊಳಕೆ ಹಳದಿಯಾದವು. ನೀರು ಸಾಲಲಿಲ್ಲವೇನೋ ಅಂದುಕೊಂಡು, ಯಾರೂ ಇಲ್ಲದಾಗ ಇನ್ನೊಂದು ತಂಬಿಗೆ ಸುರಿದೆ. ಎಂಥ ದಡ್ಡಿ ನಾನು! ಖಂಡೇನವಮಿಯ ದಿನ ಆಯಿ ಮಣ್ಣು ಕೆದಕಿದರೆ ಕಾಳು ಕೊಳೆತು ನಾರುತ್ತಿದ್ದವು.

"ದೇವಿ ಒಲ್ಲೆ ಅಂದಾಳ," ಅಂದಳು ಆಯಿ.

ಮೂರನೇ ದಿನ ವೈನಿಯ ಅಪ್ಪ ಅವಳನ್ನು ತವರಿಗೆ ಕರೆದೊಯ್ಯಲು ಏಕಸಂಬಿಯಿಂದ ಬಂದರು. ಟ್ರಂಕು ಹೊರಗಿಟ್ಟ ಮೇಲೆ ನನ್ನ ಜಡೆ ಬಿಗಿಯಾಗಿ ಹೆಣೆಯುತ್ತ ಹೇಳಿದಳು: "ಅಳಬ್ಯಾಡ. ದೇವಿದೇನೂ ತಪ್ಪಿಲ್ಲ. ನನ್ನ ಭಕ್ತಿನ ಕಮ್ಮಿ ಆತು."

ಹೆಚ್ಚು ನೀರು ಸುರಿದದ್ದು ನಾನೇ ಅಂತ ಆಗಲೇ ಹೇಳಬೇಕಿತ್ತು. ಅವಳು ಕಣ್ಮರೆಯಾದ ಮೇಲೆ ಕೊಟ್ಟಿಗೆಗೆ ಓಡಿ, ಸಗಣಿ ಬಳಿಯುತ್ತಿದ್ದ ಅವ್ವನ ಮುಂದೆ ಎಲ್ಲ ಕಕ್ಕಿದೆ, ಈಗಲೇ ಹೋಗಿ ವೈನಿಯನ್ನು ಕರೆತರೋಣ ಅಂದೆ.

ಅವ್ವ ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ನೀ ಯಾರ ಬೇ ನೀರ ಹಾಕಾಕಿ? ನಿನ್ನ ಕೈಲೆ ಆ ದೇವಿನ ಹಾಕಿಸ್ಯಾಳ. ಸುಮ್ಕ ಕುಂದರು."

ಮರುವರ್ಷ ಘಟ್ಟದ ಹೊತ್ತಿಗೆ ಹೊಸ ವೈನಿ ಬಂದಿದ್ದಳು. ಹೆದರಿ ಹೆದರಿ ಅಳೆದು ನೀರು ಹಾಕಿದೆ. ಸಸಿ ಗೇಣುದ್ದ ಬಂದವು. ಈಕೆಯನ್ನು ದೇವಿ ಒಪ್ಪಿದಳೆಂದು ಮನೆಯವರೆಲ್ಲ ಕೈಮುಗಿದರು. ನಾನೂ ಮುಗಿದೆ.