ನಮ್ಮ ರಿಂಗಿಗೆ ಹೊಂದದ ಪೈಲ್ವಾನ

ಕೊರೋನಾ ಹಿಂದೆ ಸರಿದು, ಊರುಗಳಲ್ಲಿ ಮತ್ತೆ ಜನ ಒಂದೆಡೆ ಸೇರತೊಡಗಿದ ವರ್ಷ ಅದು. ಬಳ್ಳಾರಿಯ ಒಂದು ಸಣ್ಣ ಶೋ ಕುಸ್ತಿ ಕಂಪನಿಯಲ್ಲಿ ನಾನು ಹಿರಿಯ ಹೀಲ್ ಆಗಿದ್ದೆ. ಹೀಲ್ ಅಂದರೆ ಖಳ. ರಿಂಗಿನಲ್ಲಿ ನನ್ನ ಹೆಸರು ಡೇಂಜರ್ ರುದ್ರ. ಮನೆಯಲ್ಲಿ ರುದ್ರೇಶ, ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಲಾರಿ ಡ್ರೈವರನ ಮಗ. ಕಪ್ಪು ಚರ್ಮದ ಪ್ಯಾಂಟು ತೊಟ್ಟು, ಹಣೆಗೆ ಕಾಡಿಗೆ ಬಳಿದುಕೊಂಡು ಮೈಕ್ ಹಿಡಿದರೆ ಸಾಕು, ಜನ ಬೈಯಲು ಶುರು ಮಾಡುತ್ತಿದ್ದರು. ಆ ಬೈಗುಳವೇ ನನ್ನ ಸಂಪಾದನೆ.

"ನಿಮ್ಮ ಕುಸ್ತಿ ಎಲ್ಲಾ ಸುಳ್ಳಂತಲ್ಲ?" ಅಂತ ಇಂದಿಗೂ ಕೇಳುವವರಿದ್ದಾರೆ. ಯಾರು ಗೆಲ್ಲಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ, ನಿಜ. ಅದಕ್ಕೆ ನಾವು ಫಿನಿಷ್ ಅನ್ನುತ್ತೇವೆ. ಆದರೆ ಕ್ಯಾನ್ವಾಸಿನ ಕೆಳಗೆ ಇರುವುದು ಹಲಗೆ. ಅದರ ಮೇಲೆ ಬೀಳುವಾಗ ಬೆನ್ನಿಗೆ ಆಗುವ ಪೆಟ್ಟು ಸುಳ್ಳಲ್ಲ. ನಿಮ್ಮನ್ನು ಎತ್ತಿ ಒಗೆಯುವವನೇ ನಿಮ್ಮ ಕುತ್ತಿಗೆಯನ್ನೂ ಕಾಯಬೇಕು. ಪ್ರೇಕ್ಷಕರಿಗೆ ವೈರಿಗಳಾಗಿ ಕಾಣುವ ಇಬ್ಬರು ಒಳಗೆ ಒಬ್ಬರನ್ನೊಬ್ಬರು ಪೂರ್ತಿ ನಂಬಿರಬೇಕಾದ ವಿಚಿತ್ರ ಕೆಲಸ ನಮ್ಮದು. ಇದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿದಿತ್ತು. ಒಂದು ಭುಜ ಕಳಚಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು.

ಪಾರ್ವತಿನಗರದಿಂದ ಆಚೆ, ಮೊದಲು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಒಂದು ಶೆಡ್ಡಿನಲ್ಲಿ ನಮ್ಮ ತಾಲೀಮು ನಡೆಯುತ್ತಿತ್ತು. ಅಲ್ಲಿಗೆ ಒಂದು ಬೆಳಿಗ್ಗೆ ಮಾಲೀಕ ಪ್ರಸಾದ್ ಒಬ್ಬನನ್ನು ಕರೆದುಕೊಂಡು ಬಂದರು. ಬಾದನಹಟ್ಟಿಯ ಈರಣ್ಣ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ. ಪಟ್ಟುಗಳಲ್ಲಿ ಉಜ್ಜಿ ಉಜ್ಜಿ ಊದಿ ಗಟ್ಟಿಯಾದ ಕಿವಿ, ಗಿಡ್ಡ ಕುತ್ತಿಗೆ, ಮೆಲುದನಿ. ಗರಡಿಯ ಮಣ್ಣಿನಲ್ಲಿ ಬೆಳೆದ ಪೈಲ್ವಾನ ಅಂತ ಕಿವಿ ನೋಡಿದರೇ ಗೊತ್ತಾಗುತ್ತಿತ್ತು.

"ಇಲ್ಲಿಗೆ ಯಾಕ ಬಂದಿ?" ಅಂತ ಕೇಳಿದೆ.

"ಎರಡು ವರ್ಷ ಎಲ್ಲೂ ಕುಸ್ತಿ ಇಟ್ಟಿಲ್ರಿ ಅಣ್ಣಾ. ಮೈ ಜಡ್ಡುಗಟ್ಟೈತಿ. ಇವ್ರು ಕುಸ್ತಿ ಅಂದ್ರು, ಬಂದ್ನಿ" ಅಂದ.

ಆಮೇಲೆ ರಿಂಗನ್ನು ಒಂದು ಸುತ್ತು ಹಾಕಿ ನೋಡಿ, "ಮಣ್ಣೆಲ್ಲೈತ್ರಿ?" ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವನಿಗೆ ನಮ್ಮ ಕೆಲಸ ಬರಲೇ ಇಲ್ಲ. ಹೊಡೆದಂತೆ ತೋರಿಸಿ ಹೊಡೆಯದಿರುವುದು ಅವನ ತಲೆಗೆ ಹತ್ತುತ್ತಿರಲಿಲ್ಲ. ನಾನು ಸುಳ್ಳು ಗುದ್ದು ಗುದ್ದಿ, ಪೆಟ್ಟು ತಿಂದವನಂತೆ ಒದ್ದಾಡು ಅಂದರೆ, "ತಾಗೇ ಇಲ್ಲಲ್ರಿ" ಅಂತ ನನ್ನ ಕೈಯನ್ನೇ ಹಿಡಿದು ನೋಡುತ್ತಿದ್ದ. ಮೈಕ್ ಕೊಟ್ಟರೆ ಅದರ ಮುಂದೆ ಕೈ ಮುಗಿಯುತ್ತಿದ್ದ. ಮಿಂಚುವ ಪ್ಯಾಂಟು ತೊಡಿಸಿದರೆ ಬ್ಯಾಂಡ್ ಸೆಟ್ಟಿನವನಂತೆ ಕಾಣುತ್ತಿದ್ದ. ಕೊನೆಗೆ ಪ್ರಸಾದ್ ಅವನಿಗೆ ಕೆಂಪು ಲಂಗೋಟಿ ಕಟ್ಟಿಸಿ, ಮೇಲೆ ಧೋತ್ರ ಹೊದಿಸಿ, ನಗೆಪಾಟಲಿನ ಪಾತ್ರ ಕೊಟ್ಟರು. ಸಿರುಗುಪ್ಪದಲ್ಲಿ ಮೊದಲ ಆಟ. ನಮ್ಮಲ್ಲಿ ಎಲ್ಲರಿಗಿಂತ ಸಣಕಲ ಆಟಗಾರನ ಕೈಯಲ್ಲಿ ಈರಣ್ಣ ಸೋಲಬೇಕು, ಜನ ನಗಬೇಕು. ಇದು ಫಿನಿಷ್.

ಸಿರುಗುಪ್ಪ ನನ್ನೂರು. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಧೋತ್ರ ಬಿಚ್ಚಿ ರಿಂಗಿಗೆ ಕಾಲಿಡುವ ಮೊದಲು ಈರಣ್ಣ ಬಗ್ಗಿ ಕ್ಯಾನ್ವಾಸನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ತೊಡೆ ತಟ್ಟಿದ. ಅಷ್ಟೇ. ಮೈದಾನದ ಹಿಂದುಗಡೆ ನಿಂತಿದ್ದ ಮುದುಕರು ಕೆಲವರು ಮುಂದೆ ಬಂದರು. ನಗುತ್ತಿದ್ದವರು ನಗು ನಿಲ್ಲಿಸಿದರು. ಸಣಕಲ ಹುಡುಗ ಅವನನ್ನು ಕೆಡವಿ ಮೇಲೆ ಕೂತ. ರೆಫರಿ ಒಂದು ಎಣಿಸಿದ, ಎರಡು ಎಣಿಸಿದ. ಮೂರಕ್ಕೆ ಸುಮ್ಮನೆ ಮಲಗಿರಬೇಕಿತ್ತು. ಈರಣ್ಣನ ಮೈ ಮಲಗಲಿಲ್ಲ. ಕುತ್ತಿಗೆಯ ಮೇಲೆ ಭಾರ ಹಾಕಿ ಬಿಲ್ಲಿನಂತೆ ಬಾಗಿ, ಮೇಲಿದ್ದವನನ್ನು ಮಗುವಿನಂತೆ ಪಕ್ಕಕ್ಕೆ ಇಳಿಸಿ ಎದ್ದು ನಿಂತುಬಿಟ್ಟ. ಮೈದಾನ ಬೋರ್ಗರೆಯಿತು. ಸಣಕಲ ಏನು ಮಾಡಬೇಕೋ ತಿಳಿಯದೆ ಹಗ್ಗದ ಕೆಳಗಿಂದ ನುಸುಳಿ ಓಡಿದ.

ಅದರ ನಂತರ ನನ್ನ ಆಟ. ನಾನು ಮೈಕ್ ಹಿಡಿದು ಊರಿಗೂರನ್ನೇ ಹೀಯಾಳಿಸಿದೆ. ಒಬ್ಬರೂ ಬೈಯಲಿಲ್ಲ. ಎಲ್ಲರೂ ಪಕ್ಕದವರ ಜೊತೆ ಧೋತ್ರದವನ ಮಾತಾಡುತ್ತಿದ್ದರು. ಬೈಗುಳ ಸಿಗದ ಖಳನ ಪಾಡು ಹೇಗಿರುತ್ತದೆ ಅಂತ ಅಂದು ತಿಳಿಯಿತು. ಮನೆಗೆ ಹೋದರೆ ಅವ್ವ ರೊಟ್ಟಿ ಬಡಿಸುತ್ತಾ, "ಆ ಲಂಗೋಟಿ ಹುಡುಗ ಯಾರ ಮಗ ಅಪಾ? ನೆಲಕ್ಕ ಕೈ ಮುಗಿದಾಗ ನನಗ ಕಣ್ಣಾಗ ನೀರು ಬಂತು ನೋಡು" ಅಂದಳು. ನನ್ನ ಆಟದ ಬಗ್ಗೆ ಏನೂ ಹೇಳಲಿಲ್ಲ.

ನಾನು ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಅದು ಹೊಟ್ಟೆಕಿಚ್ಚು. ಹಲ್ಲು ಕಳೆದುಕೊಂಡು ಕಲಿತವನು ನಾನು, ಏನೂ ಕಲಿಯಲಾಗದವನಿಗೆ ಚಪ್ಪಾಳೆ. ಅವನು ನಮ್ಮ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅವನು ಅದನ್ನು ಮಾಡದೆಯೇ ಗೆದ್ದಿದ್ದ.

ಪ್ರಸಾದ್ ವ್ಯಾಪಾರಸ್ಥರು. ಮರುದಿನವೇ ಯೋಜನೆ ಬದಲಾಯಿತು. ಕುರುಗೋಡಿನಲ್ಲಿ ಮುಖ್ಯ ಆಟ ಈರಣ್ಣನಿಗೂ ನನಗೂ. ಗೆಲ್ಲುವವನು ನಾನು. ಅವನನ್ನು ಅವನ ತಾಲೂಕಿನಲ್ಲೇ ಕೆಡವಿದರೆ ಜನ ನನ್ನ ಮೇಲೆ ಕೆರಳುತ್ತಾರೆ, ಆ ಸಿಟ್ಟಿನಲ್ಲೇ ಬಳ್ಳಾರಿಯ ಕೊನೆಯ ಆಟಕ್ಕೆ ಬರುತ್ತಾರೆ. ಬಳ್ಳಾರಿಗೆ ಮುಂಬೈಯ ದೊಡ್ಡ ಕಂಪನಿಯಿಂದ ಒಬ್ಬ ಮೇಡಂ ಆಟಗಾರರನ್ನು ಆರಿಸಲು ಬರುವವರಿದ್ದರು. ಅವರು ಒಯ್ಯುವುದು ಒಬ್ಬನನ್ನು ಮಾತ್ರ. ಅದು ನಾನೇ ಆಗಬೇಕು ಎಂದು ನನಗಿತ್ತು. ನನ್ನ ವಯಸ್ಸಿಗೆ ಅದು ಕೊನೆಯ ಬಸ್ಸು.

ಕುರುಗೋಡಿನಲ್ಲಿ ಬೆಟ್ಟದ ಬಂಡೆಗಳು ಹಗಲಿನ ಕಾವನ್ನು ಸಂಜೆಯವರೆಗೂ ಬಿಡುವುದಿಲ್ಲ. ಟೆಂಟಿನ ಹಿಂದೆ ನಾನು ಕಾಡಿಗೆ ಹಚ್ಚಿಕೊಳ್ಳುತ್ತಿದ್ದಾಗ ಈರಣ್ಣ ಬಂದು ನಿಂತ.

"ಅಣ್ಣಾ, ನಮ್ಮ ಮಂದಿ ಎಲ್ಲಾ ಬಂದಾರ್ರಿ. ನಮ್ಮ ವಸ್ತಾದರು ಬಂದಾರ. ಇಲ್ಲಿ ಬೆನ್ನು ಹಚ್ಚಾಕ ನನ್ನಿಂದ ಆಗಂಗಿಲ್ರಿ."

ವಸ್ತಾದ ಅಂದರೆ ಗರಡಿಯ ಗುರು. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಅಲ್ಲಿ ಮೂರರವರೆಗೆ ಎಣಿಕೆ ಇಲ್ಲ.

"ಫಿನಿಷ್ ಹೇಳಿದ್ದು ನಾನಲ್ಲ. ಪ್ರಸಾದ್ ಅವರನ್ನ ಕೇಳು."

"ಕೇಳಿದ್ನಿರಿ. ನಗ್ತಾರ."

ನನಗೆ ನಗು ಬರಲಿಲ್ಲ, ಇನ್ನಷ್ಟು ಉರಿಯಿತು. ನಾನು ಎಷ್ಟು ಊರುಗಳಲ್ಲಿ ಹೇಳಿದ ಕೂಡಲೇ ಮಲಗಿದ್ದೆ! ನನ್ನ ಅವ್ವನ ಎದುರಿಗೇ ಸಿರುಗುಪ್ಪದಲ್ಲಿ ಮಲಗಿದ್ದೆ. ಆಗಂಗಿಲ್ಲ ಅನ್ನಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಯಾರಿಗೂ ಕೊಡಲಾರದ ಒಂದನ್ನು ಅವನು ತನ್ನಲ್ಲಿ ಉಳಿಸಿಕೊಂಡಿದ್ದ. ನನ್ನಲ್ಲಿ ಅಂಥದ್ದು ಏನೂ ಉಳಿದಿರಲಿಲ್ಲ.

"ಹಂಗಾರ ಖರೇ ಆಡೂಣು" ಅಂದೆ. "ನೀ ನನ್ನ ಬೆನ್ನು ಹಚ್ಚಿದ್ರ ನೀ ಗೆದ್ದಿ. ನಾ ಹಚ್ಚಿದ್ರ ಪ್ರಸಾದ್ ಹೇಳಿದ್ದು ನಡೀತು."

ಅವನು ನನ್ನ ಮುಖ ನೋಡಿದ. "ಖರೇನ ಅಣ್ಣಾ?"

"ಖರೇನಲೇ."

ಉದಾರತೆಯಿಂದ ಹೇಳಿದ ಮಾತಲ್ಲ ಅದು. ನಾನು ಅವನಿಗಿಂತ ಎತ್ತರ, ತೂಕವೂ ಹೆಚ್ಚು. ಅವನ ಊರಿನವರ ಮುಂದೆ, ಅವನ ವಸ್ತಾದನ ಮುಂದೆ, ಅವನನ್ನು ನಿಜವಾಗಿಯೇ ಕೆಡವಿ ತೋರಿಸಬೇಕು ಅಂತ ನನ್ನೊಳಗೆ ಕುದಿಯುತ್ತಿತ್ತು.

ಗಂಟೆ ಹೊಡೆಯಿತು. ನಾನು ಮೈಕ್ ಮುಟ್ಟಲಿಲ್ಲ. ನೇರ ಹೋಗಿ ಅವನ ಕುತ್ತಿಗೆಗೆ ಕೈ ಹಾಕಿದೆ. ನಿಂತ ಮರಕ್ಕೆ ಕೈ ಹಾಕಿದಂತಾಯಿತು. ಎಳೆದೆ, ಅಲುಗಲಿಲ್ಲ. ತಳ್ಳಿದೆ, ಆ ತಳ್ಳುವಿಕೆಯನ್ನೇ ಅವನು ಹಿಡಿದುಕೊಂಡ. ನಾನು ಆಟವಾಡುತ್ತಿಲ್ಲ ಎಂಬುದು ಅವನ ಮೈಗೆ ಗೊತ್ತಾದ ಕ್ಷಣ ನನಗೂ ಗೊತ್ತಾಯಿತು. ಅವನ ಮುಖ ಅರಳಿತು. ನಮ್ಮ ಕಂಪನಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಬಗ್ಗಿ ನನ್ನ ತೊಡೆಗೆ ಭುಜ ಕೊಟ್ಟ. ಕಾಲ ಕೆಳಗಿನ ಹಲಗೆ ಇಲ್ಲವಾಯಿತು. ಬೀಳುವಾಗ ಅವನ ಅಂಗೈ ನನ್ನ ತಲೆಯ ಹಿಂದೆ ಇತ್ತು. ತಲೆಗೆ ಪೆಟ್ಟಾಗಲಿಲ್ಲ. ಬೆನ್ನು ಪೂರ್ತಿ ಅಂಟಿತು.

ಎದ್ದೇಳಲು ನಾನು ಇದ್ದಬದ್ದ ಬಲವನ್ನೆಲ್ಲ ಹಾಕಿದೆ. ಆಗಲಿಲ್ಲ. ರೆಫರಿ ಬಾಯಿ ತೆರೆದು ಪ್ರಸಾದ್ ಕಡೆಗೆ ನೋಡುತ್ತಾ ನಿಂತುಬಿಟ್ಟ. ಎಣಿಸಿದ್ದು ಜನ. ಕುರುಗೋಡು ಒಂದೇ ಬಾಯಲ್ಲಿ ಮೂರು ಅಂದಿತು. ಮೇಲೆ ನೋಡುತ್ತಾ ಮಲಗಿದ್ದ ನನಗೆ ಬಂದ ಯೋಚನೆ ಇದು: ಇಷ್ಟು ವರ್ಷ ನಾನು ಸೋತ ಸೋಲುಗಳನ್ನೆಲ್ಲ ಯಾರೋ ಹೇಳಿ ಮಾಡಿಸಿದ್ದರು, ಇದೊಂದು ನನ್ನದು.

ಪ್ರಸಾದ್ ಟೆಂಟಿನೊಳಗೆ ನುಗ್ಗಿದರು. ಸಿಟ್ಟು ಬಂದರೆ ಅವರಿಗೆ ಮೊದಲು ತೆಲುಗೇ ಬರುವುದು. "ಏಮಯ್ಯಾ ರುದ್ರಾ, ಇದೇಮಿ? ನನ್ನ ಆಟ ಹಾಳು ಮಾಡಾಕ ಬಂದೀರೇನು?"

"ನಾನಽ ಹಂಗ ಆಡಾಕ ಹೇಳಿದ್ದು. ಅವನ್ದೇನೂ ಇಲ್ಲ" ಅಂದೆ. ಅವರು ಕುರ್ಚಿಯೊಂದನ್ನು ಒದ್ದು ಹೊರಗೆ ಹೋದರು.

ಈರಣ್ಣ ನನ್ನ ಪಕ್ಕ ಕೂತು ಟವೆಲ್ಲಿನಿಂದ ನನ್ನ ಬೆನ್ನು ಒರೆಸತೊಡಗಿದ. ಬೇಡ ಅಂದರೂ ಬಿಡಲಿಲ್ಲ. ಒರೆಸುತ್ತಲೇ, "ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರೀತೈತ್ರಿ ಅಣ್ಣಾ" ಅಂದ.

ನಾನು ತಪ್ಪು ಕೇಳಿಸಿಕೊಂಡೆನೇನೋ ಅಂದುಕೊಂಡೆ. "ನಿನಗಾ? ನನ್ನ ನೋಡಿ?"

"ಹೌದ್ರಿ. ನೀವು ಒಂದು ಬೆರಳು ತೋರ್ಸಿದ್ರ ಅಷ್ಟು ಮಂದಿ ಎದ್ದು ನಿಂತು ಬೈತಾರ. ನನಗ ನಾಕು ಮಂದಿ ಮುಂದ ಮಾತಾಡಾಕ ಬರಂಗಿಲ್ಲ. ಗುತ್ತಿಗೆದಾರ ಬೈದ್ರ ತಲಿ ಕೆಳಗ ಮಾಡಿ ನಿಲ್ತೀನಿ. ನನ್ನ ಹೇಣ್ತಿ ಫೋನಿನಾಗ ನಿಮ್ಮ ವಿಡಿಯೋ ನೋಡಿ, ಹಿಂಗ ಮಾತಾಡಾಕ ಕಲೀರಿ ಅಂತಾಳ."

ಹೊರಗೆ ಯಾರೋ ಮಂಡಕ್ಕಿಯ ವಗ್ಗರಣಿ, ಮಿರ್ಚಿ ತಂದಿದ್ದರು. ಇಬ್ಬರೂ ಒಂದೇ ಪೇಪರಿನಲ್ಲಿ ತಿಂದೆವು. ನನ್ನ ಹೊಟ್ಟೆಕಿಚ್ಚು ಅಷ್ಟಕ್ಕೆ ತಣ್ಣಗಾಯಿತು ಅಂದರೆ ಸುಳ್ಳಾಗುತ್ತದೆ. ಅವನೂ ಉರಿಯುತ್ತಿದ್ದಾನೆ ಅಂತ ತಿಳಿದು ಸ್ವಲ್ಪ ಸಮಾಧಾನವಾಯಿತು, ಅಷ್ಟೇ.

ಆ ಕುಸ್ತಿಯ ವಿಡಿಯೋ ಫೋನಿನಿಂದ ಫೋನಿಗೆ ಹರಿದು, ಮುಂಬೈಯ ಮೇಡಂ ಬಳ್ಳಾರಿಗೆ ಕಾಲಿಡುವ ಮೊದಲೇ ಅವರ ಕೈ ಸೇರಿತ್ತು. ಬಳ್ಳಾರಿಯ ಆಟದಂದು ನಾನು ನನ್ನ ಜೀವಮಾನದ ಅತ್ಯುತ್ತಮ ಆಟ ಆಡಿದೆ. ಜನ ಚಪ್ಪಲಿ ತೋರಿಸಿದರು, ಬೈದರು, ಒಬ್ಬ ಅಜ್ಜಿ ಮಣ್ಣು ತೂರಿದಳು. ಮುಗಿದ ಮೇಲೆ ಮೇಡಂ ನನ್ನನ್ನು ಕರೆಸಿದರು. ಕಾಡಿಗೆಯನ್ನೂ ಒರೆಸಿಕೊಳ್ಳದೆ ಓಡಿದೆ. ಅಲ್ಲಿ ಈರಣ್ಣ ಮೊದಲೇ ನಿಂತಿದ್ದ.

ಮೇಡಮ್ಮಿಗೆ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಬರದು. ಈರಣ್ಣನಿಗೆ ಕನ್ನಡ, ತೆಲುಗು ಬಿಟ್ಟು ಬೇರೆ ಬರದು. ನಮ್ಮಲ್ಲಿ ಚೆನ್ನಾಗಿ ಹಿಂದಿ ಬರುತ್ತಿದ್ದವನು ನಾನೊಬ್ಬನೇ. ನನ್ನನ್ನು ಕರೆಸಿದ್ದು ಅದಕ್ಕೆ. ಅವನಿಗೆ ಕೊಡುವ ಅವಕಾಶವನ್ನು ನನ್ನ ಬಾಯಿಂದ ಅವನಿಗೆ ಹೇಳಿಸಲು.

ಅವರು ಒಂದೊಂದೇ ವಾಕ್ಯ ಹೇಳಿದರು. ಟಿವಿಯಲ್ಲಿ ಬರುತ್ತೀಯ, ತರಬೇತಿ ನಾವೇ ಕೊಡುತ್ತೇವೆ, ನಿನ್ನಂಥವನು ನಮ್ಮಲ್ಲಿ ಇಲ್ಲ. ಎದುರಿಗೆ ಈರಣ್ಣ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದ. ಒಂದು ಮಾತನ್ನು ಸಣ್ಣದು ಮಾಡಿದ್ದರೆ, ಒಂದು ಕಷ್ಟವನ್ನು ದೊಡ್ಡದು ಮಾಡಿದ್ದರೆ ಅವರಿಬ್ಬರಿಗೂ ತಿಳಿಯುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೀಳುವಾಗ ಇವನ ಅಂಗೈ ನನ್ನ ತಲೆಯ ಹಿಂದೆ ಇತ್ತಲ್ಲ. ನಾನು ಪ್ರತಿ ಮಾತನ್ನೂ ಅದು ಇದ್ದ ಹಾಗೇ ಹೇಳಿದೆ. ಹೇಳಿದ ಒಂದೊಂದು ಮಾತೂ ನನ್ನನ್ನು ಸುಟ್ಟಿತು.

ಈರಣ್ಣ ಎಲ್ಲವನ್ನೂ ಕೇಳಿ ಕೈ ಮುಗಿದ. "ಅಲ್ಲಿ ನಾ ಸೋಲೂದನ್ನ ಬ್ಯಾರೆಯವರು ಬರೀತಾರ. ಗೆಲ್ಲೂದನ್ನೂ ಅವರಽ ಬರೀತಾರ. ಮತ್ತ ನಾ ಏನ್ ಮಾಡ್ಲಿರಿ ಅಲ್ಲಿ? ನಮ್ಮ ಕಡಿ ಮತ್ತ ಕುಸ್ತಿ ಶುರು ಆಗ್ಯಾವು. ನಾ ಊರಿಗೆ ಹೊಕ್ಕೀನಿ."

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಮೇಡಂ ಎರಡು ಸಲ ಕೇಳಿದರು, ಎರಡು ಸಲವೂ ಅದೇ ಉತ್ತರ.

ಆಮೇಲೆ ಅವನು ನನ್ನ ಕಡೆ ಕೈ ತೋರಿಸಿ, "ಈ ಅಣ್ಣಾರನ್ನ ಕರ್ಕೊಂಡ್ ಹೋಗ್ರಿ. ಇವರಂಗ ಆ ಕೆಲಸ ಮಾಡಾವ್ರು ನಿಮಗ ಎಲ್ಲೂ ಸಿಗಂಗಿಲ್ಲ. ಇವರ ಕೈಯಾಗ ಕುತ್ತಿಗಿ ಕೊಟ್ಟು ಕಣ್ಣು ಮುಚ್ಕೋಬಹುದು" ಅಂದ.

ಮೇಡಂ ನನ್ನತ್ತ ತಿರುಗಿದರು. "ಏನಂತೆ?"

ಆ ಮಾತನ್ನೂ ನಾನೇ ಹೇಳಬೇಕಿತ್ತು. ಊರೂರಲ್ಲಿ ಮೈಕ್ ಹಿಡಿದು ಜಂಬ ಕೊಚ್ಚಿದವನು ನಾನು. ಅಂದು ನೆಲ ನೋಡುತ್ತಾ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಅವರು ನನ್ನನ್ನು ಕರೆದುಕೊಂಡು ಹೋದರು. ಮಂಡಿ ಕೈಕೊಡುವವರೆಗೆ ಅಲ್ಲಿ ಆಡಿದೆ, ಒಳ್ಳೆಯ ಹೆಸರೇ ಬಂತು. ಆದರೂ ಅವನು ಬೇಡವೆಂದ ಜಾಗದಲ್ಲಿ ನಿಂತಿದ್ದೇನೆ ಎಂಬುದು ಒಂದು ದಿನವೂ ಮರೆಯಲಿಲ್ಲ. ಈಗ ಬಳ್ಳಾರಿಯಲ್ಲಿ ಹೊಸಬರಿಗೆ ಶೋ ಕುಸ್ತಿ ಕಲಿಸುತ್ತೇನೆ. ಅವರಲ್ಲಿ ಒಬ್ಬರನ್ನೊಬ್ಬರು ಕಂಡರೆ ಉರಿಯುವವರು ಇದ್ದೇ ಇರುತ್ತಾರೆ. ಹೊಟ್ಟೆಕಿಚ್ಚು ಬಿಡಿ ಅಂತ ನಾನು ಹೇಳುವುದಿಲ್ಲ, ಅದು ಹೇಳಿದರೆ ಹೋಗುವ ವಸ್ತುವಲ್ಲ. ಅದು ಹೊಟ್ಟೆಯಲ್ಲೇ ಇರಲಿ, ಕೈಗೂ ನಾಲಿಗೆಗೂ ಇಳಿಯದಂತೆ ನೋಡಿಕೊಳ್ಳಿ ಅನ್ನುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ಅದನ್ನು ಕಲಿಯಲು ಆ ರಿಂಗಿಗೆ ಹೊಂದದ ಒಬ್ಬ ಬರಬೇಕಾಯಿತು.